ಪ್ಲೇ ಸ್ಟೋರ್ ಹೊರಗಿನ ಆ್ಯಪ್: ಬಾಗಿಲು ತೆರೆಯುವುದು ಹೇಗೆ, ಮತ್ತೆ ಹಾಕುವುದು ಹೇಗೆ?

ಹೋದ ವರ್ಷ ದೊಡ್ಡಪ್ಪನ ಮೊಬೈಲಿಗೆ ಒಂದು ಲಗ್ನಪತ್ರಿಕೆ ಬಂತು. ಪರಿಚಯದವರ ನಂಬರಿನಿಂದಲೇ ಬಂದಿತ್ತು. ಒತ್ತಿದರೆ ಪತ್ರಿಕೆ ತೆರೆಯಲಿಲ್ಲ, ಇನ್‌ಸ್ಟಾಲ್ ಮಾಡಲೇ ಎಂದು ಫೋನ್ ಕೇಳಿತು. ಮಾಡಿದರು. ಮೆಸೇಜ್ ಓದಲು ಅನುಮತಿ ಕೇಳಿತು. ಅದನ್ನೂ ಕೊಟ್ಟರು. ಸಂಜೆಯ ಹೊತ್ತಿಗೆ ಅದೇ ಪತ್ರಿಕೆ ಅವರ ನಂಬರಿನಿಂದ ನೆಂಟರಿಗೆಲ್ಲ ಹೋಗಿತ್ತು. ಖಾತೆಯಲ್ಲಿದ್ದ ಹದಿನೆಂಟು ಸಾವಿರವೂ ಹೋಗಿತ್ತು.

"ಇನ್ನು ಪ್ಲೇ ಸ್ಟೋರ್ ಬಿಟ್ಟು ಬೇರೆಲ್ಲಿಂದಲೂ ಏನೂ ಹಾಕಬೇಡಿ" ಎಂದು ಮನೆಯವರೆಲ್ಲ ಅವರಿಗೆ ಹೇಳಿದರು. ನನಗೆ ಮಾತ್ರ ಹಾಗೆ ಹೇಳಲು ಮನಸ್ಸು ಬರಲಿಲ್ಲ. ನಾನು ದಿನವೂ ಕನ್ನಡ ಟೈಪ್ ಮಾಡುವುದು ಹೆಲಿಬೋರ್ಡ್ ಎಂಬ ಕೀಬೋರ್ಡಿನಲ್ಲಿ. ಅದನ್ನು ಹಾಕಿಕೊಂಡದ್ದು ಪ್ಲೇ ಸ್ಟೋರಿನ ಹೊರಗಿನ ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಿಂದ. ಅದು ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಹಾಗಾಗಿ ನಾನು ಬರೆದದ್ದನ್ನು ಹೊರಗೆ ಕಳಿಸುವ ದಾರಿಯೇ ಅದಕ್ಕಿಲ್ಲ. ಇಂಥ ಆ್ಯಪ್ ಬೇಕೆನ್ನುವವರೂ ದೊಡ್ಡಪ್ಪನಂಥವರೂ ಒಂದೇ ಮನೆಯಲ್ಲಿ ಇರ್ತಾರೆ, ಅಲ್ವಾ? ಇಬ್ಬರಿಗೂ ಆಗುವಂತೆ ಫೋನನ್ನು ಹೊಂದಿಸಲು ಹದಿನೈದು ನಿಮಿಷ ಸಾಕು.

ಬೀಗ ಎಲ್ಲಿದೆ?

ಪ್ಲೇ ಸ್ಟೋರಿನ ಹೊರಗಿನ ಆ್ಯಪ್ ಸಾಮಾನ್ಯವಾಗಿ ಎಪಿಕೆ ಎಂಬ ಫೈಲಾಗಿ ಬರುತ್ತದೆ. ಅದನ್ನು ನಾವೇ ಫೋನಿಗೆ ಹಾಕಿಕೊಳ್ಳುವುದನ್ನು ಸೈಡ್‌ಲೋಡಿಂಗ್ ಅನ್ನುತ್ತಾರೆ. ಹಳೆಯ ಆಂಡ್ರಾಯ್ಡ್‌ನಲ್ಲಿ 'ಅನ್‌ನೋನ್ ಸೋರ್ಸಸ್' ಎಂಬ ಒಂದೇ ಸ್ವಿಚ್ ಇತ್ತು. ಅದನ್ನು ಆನ್ ಮಾಡಿದರೆ ಯಾವ ಕಡೆಯಿಂದ ಏನು ಬೇಕಾದರೂ ಒಳಗೆ ಬರಬಹುದಿತ್ತು. 2017ರಲ್ಲಿ ಆಂಡ್ರಾಯ್ಡ್ 8 ಬಂದಾಗ ಇದು ಬದಲಾಯಿತು. ಈಗ ಬ್ರೌಸರಿಗೆ ಬೇರೆ, ವಾಟ್ಸ್ಆ್ಯಪ್‌ಗೆ ಬೇರೆ, ಫೈಲ್ ಮ್ಯಾನೇಜರಿಗೆ ಬೇರೆ ಅನುಮತಿ. ಮುಂದೆ ಹೇಳುವುದೆಲ್ಲ ಈ ಒಂದು ಏರ್ಪಾಡಿನ ಮೇಲೇ ನಿಂತಿದೆ.

ಐಫೋನ್ ಇರುವವರಿಗೆ ಒಂದು ಮಾತು. ಯುರೋಪಿಯನ್ ಒಕ್ಕೂಟದ ಕಾನೂನಿನಿಂದಾಗಿ 2024ರ ಮಾರ್ಚ್‌ನಲ್ಲಿ ಅಲ್ಲಿನವರಿಗೆ ಬೇರೆ ಆ್ಯಪ್ ಅಂಗಡಿಗಳು ಸಿಕ್ಕವು. ಆಗ ಆ ಸೌಲಭ್ಯ ಬಂದದ್ದು ಅಲ್ಲಿಗೆ ಮಾತ್ರ, 2025ರ ಡಿಸೆಂಬರ್‌ನಲ್ಲಿ ಜಪಾನಿಗೂ ಬಂತು. ಹಾಗಾಗಿ ಈ ಲೇಖನ ಆಂಡ್ರಾಯ್ಡ್ ಇರುವವರಿಗೆ.

ಹಂತ 1: ತೆರೆದ ಬಾಗಿಲುಗಳನ್ನು ಹಾಕಿ

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್', ಅದರೊಳಗೆ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್'. ಕೆಲವು ಫೋನುಗಳಲ್ಲಿ ಇದು ಸೆಕ್ಯುರಿಟಿ ವಿಭಾಗದಲ್ಲಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ 'ಅನ್‌ನೋನ್' ಎಂದು ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೂ 'ನಾಟ್ ಅಲೌಡ್' ಎಂದಿರಬೇಕು. ವಾಟ್ಸ್ಆ್ಯಪ್, ಟೆಲಿಗ್ರಾಂ, ಕ್ರೋಮ್, ಫೈಲ್ಸ್ ಇವನ್ನು ಮುಖ್ಯವಾಗಿ ನೋಡಿ. 'ಅಲೌಡ್' ಎಂದಿದ್ದರೆ ಆಫ್ ಮಾಡಿ. ಯಾವತ್ತೋ ಒಮ್ಮೆ ಕೊಟ್ಟ ಅನುಮತಿ ಹಾಗೇ ಉಳಿದಿರುತ್ತದೆ.

ಹೊರಗಿನ ಆ್ಯಪ್ ಬೇಡವೇ ಬೇಡ ಎನ್ನುವವರು ಇಷ್ಟಕ್ಕೇ ನಿಲ್ಲಿಸಬಹುದು. ಅಪ್ಪ ಅಮ್ಮನ ಫೋನಿನಲ್ಲೂ ಇದನ್ನು ಇವತ್ತೇ ಮಾಡಿ. ಸ್ಯಾಮ್‌ಸಂಗ್ ಫೋನಾದರೆ 'ಆಟೋ ಬ್ಲಾಕರ್' ಆನ್ ಇದೆಯೇ ನೋಡಿ, ಹೊರಗಿನ ಎಪಿಕೆಗಳನ್ನು ಅದೇ ತಡೆಯುತ್ತದೆ.

ಹಂತ 2: ಒಂದೇ ಒಂದು ನಂಬಿಕೆಯ ಅಂಗಡಿ

ಹೊರಗಿನ ಆ್ಯಪ್ ಬೇಕು ಎನ್ನುವವರು ಸಿಕ್ಕ ಸಿಕ್ಕ ವೆಬ್‌ಸೈಟಿನಿಂದ ಎಪಿಕೆ ಇಳಿಸಿಕೊಳ್ಳಬೇಡಿ. ದುಡ್ಡು ಕೊಟ್ಟು ಪಡೆಯಬೇಕಾದ ಆ್ಯಪ್‌ಗಳನ್ನು 'ಫ್ರೀ' ಎಂದು ಹಂಚುವ ಸೈಟುಗಳ ಕಡೆಗಂತೂ ಹೋಗಲೇಬೇಡಿ. ನಾನು ಬಳಸುವುದು ಎಫ್-ಡ್ರಾಯ್ಡ್. 2010ರಲ್ಲಿ ಶುರುವಾದದ್ದು. ಇಲ್ಲಿರುವುದೆಲ್ಲ ಮುಕ್ತ ತಂತ್ರಾಂಶ, ಅಂದರೆ ಮೂಲ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಹೆಚ್ಚಿನ ಆ್ಯಪ್‌ಗಳನ್ನು ಆ ಕೋಡಿನಿಂದ ಎಫ್-ಡ್ರಾಯ್ಡ್‌ನವರೇ ಸಿದ್ಧಪಡಿಸುತ್ತಾರೆ. ಯಾವುದಾದರೂ ಆ್ಯಪ್ ಬಳಕೆದಾರರ ಜಾಡು ಹಿಡಿಯುತ್ತಿದ್ದರೆ ಅದರ ಪುಟದಲ್ಲೇ ಎಚ್ಚರಿಕೆ ಹಾಕುತ್ತಾರೆ.

ಹಾಕಿಕೊಳ್ಳುವ ಕ್ರಮ ಹೀಗೆ. ಬ್ರೌಸರಿನ ವಿಳಾಸದ ಜಾಗದಲ್ಲಿ ಎಫ್-ಡ್ರಾಯ್ಡ್ ಡಾಟ್ ಆರ್ಗ್ ಎಂಬ ವಿಳಾಸವನ್ನು ಇಂಗ್ಲಿಷಿನಲ್ಲಿ ನೀವೇ ಟೈಪ್ ಮಾಡಿ. ಯಾರೋ ಕಳಿಸಿದ ಲಿಂಕ್ ಬೇಡ. ಫೈಲ್ ಇಳಿದ ಮೇಲೆ ಒತ್ತಿದರೆ ಫೋನ್ ತಡೆಯುತ್ತದೆ. ಆಗ ಬ್ರೌಸರಿಗೆ ಅನುಮತಿ ಕೊಟ್ಟು ಇನ್‌ಸ್ಟಾಲ್ ಮಾಡಿ. ಕೂಡಲೇ ಹಿಂದಕ್ಕೆ ಹೋಗಿ ಬ್ರೌಸರಿನ ಅನುಮತಿ ತೆಗೆಯಿರಿ. ಇದನ್ನು ಮಾತ್ರ ಮರೆಯಬೇಡಿ. ಮುಂದೆ ಎಫ್-ಡ್ರಾಯ್ಡ್ ಒಳಗಿಂದ ಮೊದಲ ಆ್ಯಪ್ ಹಾಕುವಾಗ ಅದು ತನಗೆ ಅನುಮತಿ ಕೇಳುತ್ತದೆ, ಅದಕ್ಕೆ ಕೊಡಿ.

ಈಗ ಏನಾಯಿತು? ನಿಮಗೆ ಬೇಕಾದ ಅಂಗಡಿಯಿಂದ ಆ್ಯಪ್ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ 'ಲಗ್ನಪತ್ರಿಕೆ', 'ಟ್ರಾಫಿಕ್ ಚಲನ್', 'ಪಿಎಂ ಕಿಸಾನ್' ಎಪಿಕೆಗಳು ಬಾಗಿಲಲ್ಲೇ ನಿಲ್ಲುತ್ತವೆ. ಲಗ್ನಪತ್ರಿಕೆ ಫೋಟೊ ಆಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಎಪಿಕೆ ಆಗಿ ಬರಲು ಕಾರಣವೇ ಇಲ್ಲ.

ಹಂತ 3: ಪ್ಲೇ ಪ್ರೊಟೆಕ್ಟ್ ಆನ್ ಇರಲಿ

ಪ್ಲೇ ಸ್ಟೋರಿನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ ಪ್ಲೇ ಪ್ರೊಟೆಕ್ಟ್ ಸಿಗುತ್ತದೆ. ಇದು ಹೊರಗಿನಿಂದ ಬಂದ ಆ್ಯಪ್‌ಗಳನ್ನೂ ಪರೀಕ್ಷಿಸುತ್ತದೆ. 2024ರ ಕೊನೆಯಲ್ಲಿ ಗೂಗಲ್ ಭಾರತದಲ್ಲಿ ಇನ್ನೊಂದು ತಡೆಯನ್ನು ಪ್ರಯೋಗಕ್ಕೆ ತಂದಿತು. ಬ್ರೌಸರ್, ಚಾಟ್ ಅಥವಾ ಫೈಲ್ ಮ್ಯಾನೇಜರ್ ಮೂಲಕ ಬಂದ ಆ್ಯಪ್ ಎಸ್ಸೆಮ್ಮೆಸ್, ನೋಟಿಫಿಕೇಶನ್ ಅಥವಾ ಆ್ಯಕ್ಸೆಸಿಬಿಲಿಟಿಯಂಥ (ಪರದೆ ಓದಿ, ಬಟನ್ ಒತ್ತಬಲ್ಲ) ಸೂಕ್ಷ್ಮ ಅನುಮತಿ ಬಯಸಿದರೆ ಇನ್‌ಸ್ಟಾಲ್ ಆಗುವುದಕ್ಕೇ ಬಿಡುವುದಿಲ್ಲ. "ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ" ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ.

ಗೂಗಲ್ ತಂದ ಇನ್ನೊಂದು ವ್ಯವಸ್ಥೆ ನನಗೆ ತುಂಬ ಇಷ್ಟ. ನಿಮ್ಮ ಕಾಂಟ್ಯಾಕ್ಟ್ಸ್‌ನಲ್ಲಿಲ್ಲದವರ ಜೊತೆ ಮಾತಾಡುತ್ತಿರುವಾಗ ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು ಹೋದರೆ ಫೋನ್ ಒಪ್ಪುವುದಿಲ್ಲ. ವಂಚಕರು ಲೈನಿನಲ್ಲೇ ಇದ್ದು "ಅದನ್ನು ಒತ್ತಿ, ಇದನ್ನು ಒತ್ತಿ" ಎಂದು ಅವಸರ ಮಾಡುವುದಕ್ಕೆ ಇದು ನೇರ ಉತ್ತರ. ಕರೆ ಮುಗಿದ ಮೇಲೆ ಫೋನ್ ಮತ್ತೆ ನಿಮ್ಮ ಮಾತು ಕೇಳುತ್ತದೆ.

ಹಂತ 4: ಅನುಮತಿ ಕೊಡುವಾಗ ಎರಡನ್ನು ನೆನಪಿಡಿ

ಆ್ಯಪ್ ಒಳಗೆ ಬಂದಮೇಲೂ ಅನುಮತಿ ಇಲ್ಲದೆ ಅದು ಹೆಚ್ಚೇನೂ ಮಾಡಲಾರದು. ಕ್ಯಾಮೆರಾ, ಮೈಕ್ ಬಗ್ಗೆ ಜನ ಹುಷಾರಾಗಿರುತ್ತಾರೆ. ಆದರೆ ದುಡ್ಡು ಹೋಗುವುದು ಜಾಸ್ತಿ ಬೇರೆ ಎರಡರಿಂದ.

ಮೊದಲನೆಯದು ಎಸ್ಸೆಮ್ಮೆಸ್. ಒಟಿಪಿ ಬರುವುದು ಅಲ್ಲಿಗೇ. ಮೆಸೇಜ್ ಆ್ಯಪ್ ಅಲ್ಲದ್ದು ಮೆಸೇಜ್ ಓದಲು ಕೇಳಿದರೆ 'ಡೋಂಟ್ ಅಲೌ' ಒತ್ತಿ.

ಎರಡನೆಯದು ಆ್ಯಕ್ಸೆಸಿಬಿಲಿಟಿ. ಇದು ಸಿಕ್ಕ ಆ್ಯಪ್ ನಿಮ್ಮ ಪರದೆಯಲ್ಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ಕಣ್ಣು ಕಾಣದವರು ಫೋನ್ ಬಳಸುವುದು ಇದರ ಬಲದಿಂದಲೇ. ಹಾಗಾಗಿ ಇದನ್ನು ತೆಗೆದೇ ಹಾಕಿ ಎನ್ನುವಂತಿಲ್ಲ. 2022ರಲ್ಲಿ ಬಂದ ಆಂಡ್ರಾಯ್ಡ್ 13 ನಡುವಿನ ದಾರಿ ಹಿಡಿಯಿತು. ಬ್ರೌಸರ್ ಅಥವಾ ಚಾಟ್‌ನಿಂದ ಹಾಕಿದ ಆ್ಯಪ್‌ಗೆ ಈ ಅನುಮತಿ ಕೊಡಲು ಹೋದರೆ 'ರಿಸ್ಟ್ರಿಕ್ಟೆಡ್ ಸೆಟ್ಟಿಂಗ್' ಎಂದು ತಡೆಯುತ್ತದೆ. ಬೇಕೇ ಬೇಕೆಂದರೆ ಆ ಆ್ಯಪ್‌ನ 'ಆ್ಯಪ್ ಇನ್ಫೋ' ಪುಟಕ್ಕೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿ 'ಅಲೌ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್' ಆಯ್ದುಕೊಳ್ಳಬೇಕು. ಆ ಆ್ಯಪ್ ಮಾಡಿದವರು ಯಾರು, ಅದಕ್ಕೆ ಇದು ಏಕೆ ಬೇಕು ಎಂದು ನಿಮಗೇ ಗೊತ್ತಿದ್ದರೆ ಮಾತ್ರ ಇಲ್ಲಿಯವರೆಗೆ ಹೋಗಿ.

ಮುಂದೆ ಬರಲಿರುವ ನಿಯಮ

2025ರ ಆಗಸ್ಟ್‌ನಲ್ಲಿ ಗೂಗಲ್ ಒಂದು ಯೋಜನೆ ಪ್ರಕಟಿಸಿತು. ಪ್ಲೇ ಸ್ಟೋರಿನ ಹೊರಗೆ ಆ್ಯಪ್ ಹಂಚುವವರೂ ತಮ್ಮ ಹೆಸರು, ವಿಳಾಸ ಕೊಟ್ಟು ಗೂಗಲ್‌ನಲ್ಲಿ ನೋಂದಾಯಿಸಬೇಕು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಜಾರಿ, 2027ರಿಂದ ಉಳಿದ ದೇಶಗಳಿಗೆ ವಿಸ್ತರಣೆ ಎಂಬುದು ಆಗ ಹೇಳಿದ ವೇಳಾಪಟ್ಟಿ. ಹೀಗಾದರೆ ತಾವು ಉಳಿಯುವುದೇ ಕಷ್ಟ ಎಂದು ಎಫ್-ಡ್ರಾಯ್ಡ್‌ನವರು ಜೋರಾಗಿ ವಿರೋಧಿಸಿದರು. ನವೆಂಬರ್‌ನಲ್ಲಿ ಗೂಗಲ್ ಸ್ವಲ್ಪ ಸಡಿಲಿಸಿತು. ಅಪಾಯ ಗೊತ್ತಿದ್ದೂ ಹಾಕಿಕೊಳ್ಳುವೆ ಎನ್ನುವ ಅನುಭವಿಗಳಿಗೆ ಬೇರೆ ದಾರಿ ಇಡುವುದಾಗಿ ಹೇಳಿತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆ್ಯಪ್ ಮಾಡಿದವರ ಗುರುತು ತಿಳಿದರೆ ವಂಚಕರಿಗೆ ಕಷ್ಟವಾಗುತ್ತದೆ, ಅದು ನಿಜ. ಆದರೆ ಹಳ್ಳಿ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಮಕ್ಕಳಿಗಾಗಿ ಮಗ್ಗಿ ಕಲಿಸುವ ಆ್ಯಪ್ ಮಾಡಿ ಕೊಡಬೇಕಾದರೂ ದೂರದ ಒಂದು ಕಂಪನಿಯ ಒಪ್ಪಿಗೆ ಬೇಕಾಗಬಾರದು. ಫೋನ್ ಎಚ್ಚರಿಸಲಿ, ಎರಡು ಸಲ ಕೇಳಲಿ, ಕಾಯಿಸಲಿ. ಕೊನೆಯ ಮಾತು ದುಡ್ಡು ಕೊಟ್ಟು ಫೋನ್ ಕೊಂಡವರದ್ದಾಗಿರಲಿ.

ಆಗಲೇ ಮೋಸ ಆಗಿದ್ದರೆ

ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ. ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟುತ್ತದೆ. ಆಮೇಲೆ ಆ ಆ್ಯಪ್‌ಗೆ ಕೊಟ್ಟ ಆ್ಯಕ್ಸೆಸಿಬಿಲಿಟಿ ಮತ್ತು ಫೋನಿನ ಮೇಲೆ ಹಿಡಿತ ಕೊಡುವ 'ಡಿವೈಸ್ ಅಡ್ಮಿನ್' ಅನುಮತಿ ತೆಗೆದು ಅನ್‌ಇನ್‌ಸ್ಟಾಲ್ ಮಾಡಿ. ಐಕಾನ್ ಕಾಣದಿದ್ದರೂ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಿ. ಬಗ್ಗದಿದ್ದರೆ ಸೇಫ್ ಮೋಡ್‌ನಲ್ಲಿ (ನಾವು ಹಾಕಿಕೊಂಡ ಆ್ಯಪ್‌ಗಳು ಓಡದ ಸ್ಥಿತಿ) ಫೋನ್ ಶುರು ಮಾಡಿ ತೆಗೆಯಿರಿ. ಆ್ಯಪ್ ಹೋದ ಮೇಲೆ ಏರೋಪ್ಲೇನ್ ಮೋಡ್ ತೆಗೆದು, ವಾಟ್ಸ್ಆ್ಯಪ್‌ನ 'ಲಿಂಕ್ಡ್ ಡಿವೈಸಸ್'ನಲ್ಲಿ ಗುರುತಿಲ್ಲದ್ದೇನಾದರೂ ಇದ್ದರೆ ಲಾಗೌಟ್ ಮಾಡಿ. ##002# ಡಯಲ್ ಮಾಡಿದರೆ ಯಾರಾದರೂ ಹಾಕಿಟ್ಟ ಕಾಲ್ ಫಾರ್ವರ್ಡ್ ರದ್ದಾಗುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವುದು ಬೇರೆ ಫೋನಿನಿಂದಲೇ ಆಗಲಿ. ನಿಮ್ಮ ನಂಬರಿನಿಂದ ಲಗ್ನಪತ್ರಿಕೆ ಹೋದವರಿಗೆಲ್ಲ ಅದನ್ನು ತೆರೆಯಬೇಡಿ ಎಂದು ಅದೇ ದಿನ ತಿಳಿಸಿ.