ಇಪ್ಪತ್ತನಾಲ್ಕು ಕಡಲೆಕಾಳು

ರೋಣ ತಾಲ್ಲೂಕಿನ ನಮ್ಮೂರ ಪಂಚಾಯ್ತಿ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. 2020ರಲ್ಲಿ ಮಕ್ಕಳನ್ನು ಪಂಚಾಯ್ತಿ ಗ್ರಂಥಾಲಯಕ್ಕೆ ಕರೆತರುವ ‘ಓದುವ ಬೆಳಕು’ ಎಂಬ ಸರ್ಕಾರಿ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾದಾಗ ಶಾಲೆಗೇ ಹೋಗಿ ಹೆಸರು ಬರೆದುಕೊಂಡೆ. ಹುಡುಗಿಯರ ಹೆಸರೇ ಜಾಸ್ತಿ ಇದ್ದವು. ಆದರೆ ಸಂಜೆ ಹಾಜರಿ ಪುಸ್ತಕ ತೆರೆದರೆ ಸಹಿಯೆಲ್ಲ ಹುಡುಗರವೇ.

ಮೊದಲು ನಾನು ಭಾಷಣ ಮಾಡಿದೆ. ಶಾಲೆಯಲ್ಲಿ ನಿಂತು ಗಂಡು ಹೆಣ್ಣು ಸಮ ಎಂದು ಅರ್ಧ ತಾಸು ಹೇಳಿದೆ. ಆ ವಾರವೇ ಎಂಟನೆಯ ತರಗತಿಯ ಒಬ್ಬಳು ಮನೆಯಲ್ಲಿ ‘ತಮ್ಮನೂ ಭಾಂಡೆ ತಿಕ್ಕಲಿ’ ಅಂದು ಏಟು ತಿಂದಳು. ಮಾತು ನನ್ನದು, ಪೆಟ್ಟು ಅವಳಿಗೆ. ಅಂದಿನಿಂದ ಭಾಷಣ ಬಿಟ್ಟೆ.

ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಪಡಸಾಲೆಯ ಮೇಲೆ ಸೀಮೆಸುಣ್ಣದಿಂದ ಐದು ಗೋಲ ಬರೆದೆ. ನಿದ್ದೆ, ಶಾಲೆ, ಊಟ-ಜಳಕ, ಮನೆಗೆಲಸ, ಆಟ-ಓದು. ಒಬ್ಬೊಬ್ಬರ ಕೈಗೆ 24 ಕಡಲೆಕಾಳು. ಒಂದು ಕಾಳೆಂದರೆ ಒಂದು ತಾಸು. ಹುಡುಗರು ಗದ್ದಲ ಹಾಕುತ್ತ ಹಂಚಿ ಮುಗಿಸಿದರು, ಆಟದ ಗೋಲಕ್ಕೆ ಐದೈದು ಕಾಳು ಬಿದ್ದವು. ಏಳನೆಯ ತರಗತಿಯ ಒಬ್ಬಳು ಮಾತ್ರ ಇಟ್ಟ ಕಾಳನ್ನೇ ಮತ್ತೆ ಎತ್ತುತ್ತ ಕೂತಿದ್ದಳು. ನಿದ್ದೆಗೆ ಎಂಟು, ಶಾಲೆಗೆ ಏಳು, ಊಟ-ಜಳಕಕ್ಕೆ ಮೂರು. ಉಳಿದ ಆರೂ ನೀರು, ಕಸ, ಭಾಂಡೆ, ಎಮ್ಮೆಯ ಮೇವು, ರೊಟ್ಟಿ, ತಮ್ಮನನ್ನು ಆಡಿಸುವುದು ಅಂತ ಖರ್ಚಾಗಿದ್ದವು. ಕೊನೆಯ ಗೋಲ ಖಾಲಿ. ನನ್ನ ಮುಖ ನೋಡಿ, “ನಿದ್ದೀದ್ರಾಗಿಂದ ಒಂದ್ ತಗೀಲೇನ್ರೀ ಅಕ್ಕಾರ?” ಎಂದು ಕೇಳಿದಳು.

ಹಿಂದೆ ಕೂತಿದ್ದ ಹುಡುಗನೊಬ್ಬ, “ನಮ್ಮಕ್ಕಂದೂ ಹಿಂಗ ಆಗತೈತ್ರಿ” ಅಂದ. ಇನ್ನೊಬ್ಬನ ಕಾಳುಗಳೂ ಮನೆಗೆಲಸದ ಗೋಲದಲ್ಲೇ ಇದ್ದವು. ಅವ್ವ ಕೂಲಿಗೆ ಹೋಗುತ್ತಾಳೆ, ರೊಟ್ಟಿ ಬಡಿಯುವವನು ಅವನೇ. ಗೆಳೆಯರು ನಗುತ್ತಾರೆಂದು ಅದನ್ನು ಯಾರಿಗೂ ಹೇಳಿರಲಿಲ್ಲ. ಕೆಲಸವನ್ನು ಗಂಡಿನದು ಹೆಣ್ಣಿನದು ಎಂದು ಸೀಳಿದ್ದರಿಂದ ಅವನಿಗೂ ನೋವಾಗುತ್ತಿತ್ತು, ಅದು ನನಗೆ ಗೊತ್ತಾದದ್ದು ಅವತ್ತೇ.

ಅದೇ ಕಾಳುಗಳನ್ನು ಸ್ವಸಹಾಯ ಸಂಘದ ತಾಯಂದಿರ ಮುಂದೆ ಇಟ್ಟೆ. ಅವರ ಗೋಲಗಳು ಮಕ್ಕಳದಕ್ಕಿಂತ ಬರಿದು. ಒಬ್ಬ ಹಿರಿಯವ್ವ, “ಗಂಡ್ ಹುಡುಗ ಕಸಾ ಹೊಡದ್ರ ಮಂದಿ ಏನಂದಾರವಾ?” ಎಂದರು. ನಾನು ವಾದಿಸಲಿಲ್ಲ. ಮಗಳಿಗೆ ಒಂದೇ ಒಂದು ಕಾಳು ಬಿಡಿಸಿಕೊಡಿ, ಸಂಜೆ ಐದರಿಂದ ಆರು, ಆ ಹೊತ್ತಿನ ನೀರು ಮಗ ತರಲಿ ಅಂದೆ. ನೀರನ್ನೇ ಯಾಕೆ ಆರಿಸಿದೆನೆಂದರೆ, ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಹೋಗುವ ಹುಡುಗನನ್ನು ನಮ್ಮೂರಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ಕಸಬರಿಗೆಯಿಂದ ಶುರು ಮಾಡಿದ್ದರೆ ಅಂದೇ ಮುಗಿಯುತ್ತಿತ್ತು. ಏಳು ಮನೆಯವರು ಒಪ್ಪಿದರು.

ಹೊತ್ತು ಸಿಕ್ಕಿತು, ಹಾದಿ ಸಿಗಲಿಲ್ಲ. ಗ್ರಂಥಾಲಯಕ್ಕೆ ಅಗಸಿ ಕಟ್ಟೆ ದಾಟಿ ಬರಬೇಕು. ಅಲ್ಲಿ ಇಸ್ಪೀಟು ಆಡುವವರು ಕೂತಿರುತ್ತಾರೆ, ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲು. ಇದನ್ನು ಮಕ್ಕಳ ಗ್ರಾಮಸಭೆಯಲ್ಲಿ ಎತ್ತೋಣ ಎಂದು ಹುಡುಗಿಯರೇ ತೀರ್ಮಾನಿಸಿದರು. ಸಭೆಯ ದಿನ ಮೈಕು ಹಿಡಿದವಳ ಕೈ ನಡುಗುತ್ತಿತ್ತು. “ಕಟ್ಟಿ ಮುಂದ ಲೈಟ್ ಹಾಕ್ರಿ, ಆಟಾ ಆಡೋರನ್ನ ಎಬ್ಬಸ್ರಿ” ಎಂದು ಎರಡೇ ಮಾತು ಹೇಳಿ ಕೂತಳು. ನಡಾವಳಿ ಪುಸ್ತಕದಲ್ಲಿ ಆ ಎರಡನ್ನೂ ಬರೆಯುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಬರೆಯದ ಬೇಡಿಕೆಯನ್ನು ಮುಂದಿನ ವರ್ಷ ಕೇಳಲು ಬರುವುದಿಲ್ಲ. ದೀಪ ಬರಲು ಐದು ತಿಂಗಳು ಹಿಡಿಯಿತು. ಇಸ್ಪೀಟು ಈಗ ಗುಡಿಯ ಹಿಂದಕ್ಕೆ ಸರಿದಿದೆ.

ಸಂಜೆಯ ಆ ಒಂದು ತಾಸು ಬರೀ ಓದಿಗಷ್ಟೇ ಆಗಲಿಲ್ಲ. ಒಂಬತ್ತನೆಯ ತರಗತಿಯ ಗೆಳತಿಗೆ ಮದುವೆ ಗೊತ್ತಾದ ಸುದ್ದಿ ತಂದವರು ಈ ಹುಡುಗಿಯರೇ. ಮನೆಗೆ ಹೋಗಿ ಕೇಳಿದರೆ, ಇನ್ನೂ ಬರೀ ಮಾತುಕತೆ ಅಂದರು. ನಂಬಿ ಸುಮ್ಮನಿದ್ದು ನಾಲ್ಕು ದಿನ ಕಳೆದೆ, ಅದು ನನ್ನ ತಪ್ಪು. ಚಪ್ಪರಕ್ಕೆ ಕಂಬ ಬಂದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೂ ತಿಳಿಸಿದೆ. ಅಧಿಕಾರಿಗಳು ಬಂದು, ಹದಿನೆಂಟು ತುಂಬದ ಹುಡುಗಿಯ ಮದುವೆ ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ಕರ್ನಾಟಕದ ತಿದ್ದುಪಡಿಯಂತೆ ಮೊದಲಿನಿಂದಲೇ ಅಸಿಂಧು ಎಂದು ಎರಡೂ ಮನೆಯವರಿಗೆ ಹೇಳಿ ಮುಚ್ಚಳಿಕೆ ಬರೆಸಿಕೊಂಡರು. ಮದುವೆ ನಿಂತಿತು. ಆದರೆ ಹುಡುಗಿ ಶಾಲೆಗೂ ಬರಲಿಲ್ಲ, ನನ್ನ ಹತ್ತಿರವೂ ಬರಲಿಲ್ಲ. ಅವಳ ತಂದೆ ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಮದುವೆ ತಡೆದವರು ಅಂದೇ ಕೈತೊಳೆದುಕೊಳ್ಳಬಾರದು. ನಾನು ವಾರಕ್ಕೊಮ್ಮೆ ಆ ಮನೆಯ ಮೆಟ್ಟಿಲೇರಿ ಅವಳ ಅವ್ವನ ಜೊತೆ ಕೂತು ಬಂದೆ, ಶಾಲೆಯ ಮಾತು ತೆಗೆಯದೆ. ಮೂರನೆಯ ತಿಂಗಳು ಅವ್ವನೇ ಕೇಳಿದರು, “ಪರೀಕ್ಷಾ ಯಾವಾಗ ಐತ್ರಿ ಅಕ್ಕಾರ?” ಈಗ ಅವಳು ಹತ್ತನೆಯ ತರಗತಿಯಲ್ಲಿದ್ದಾಳೆ.

ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹಂಗಾಮಿನಲ್ಲಿ ಈಗಲೂ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಸಹಿ ಕಡಿಮೆಯಾಗುತ್ತದೆ. ಹೊಲಕ್ಕೆ ಅಕ್ಕ-ತಮ್ಮ ಇಬ್ಬರೂ ಹೋಗುತ್ತಾರೆ, ತಿರುಗಿ ಬಂದ ಮೇಲೆ ಒಲೆ ಹೊತ್ತಿಸುವವಳು ಅವಳೊಬ್ಬಳೇ. ಈ ಸಲ ಅಪ್ಪಂದಿರನ್ನು ಕೂರಿಸಿ ಕಾಳು ಹಂಚಿಸಬೇಕೆಂದಿದ್ದೇನೆ. ಮೂವರು ಬರುತ್ತೇವೆ ಅಂದಿದ್ದಾರೆ.