ಓದಿ ಮುಗಿಸಿರದ ಕಾದಂಬರಿಯನ್ನೇ ತನ್ನಿ

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಓದುಗರ ಗುಂಪು ಇದೆ. ತಿಂಗಳಿಗೊಂದು ಭಾನುವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಓದಿ ಮುಗಿಸಿದ ಪುಸ್ತಕ ತರುವ ಹಾಗಿಲ್ಲ. ಈಗ ಓದುತ್ತಿರುವ ಕಾದಂಬರಿಯನ್ನು, ಗುರುತಿಗೆ ಸಿಕ್ಕಿಸಿದ ಬಸ್ ಟಿಕೆಟ್ಟಿನ ಸಮೇತ, ಹಾಗೇ ಎತ್ತಿಕೊಂಡು ಬರಬೇಕು.

ಇದನ್ನು ಹೀಗೆ ಶುರು ಮಾಡಿದ್ದಕ್ಕೆ ಕಾರಣ ಇದೆ. ಪುಸ್ತಕದ ಬಗ್ಗೆ ಮಾತಾಡುವ ಸಭೆಗಳಿಗೆ ನಾನು ಬೇಕಾದಷ್ಟು ಹೋಗಿದ್ದೇನೆ. ಅಲ್ಲಿ ಒಬ್ಬರು ಮೊದಲಿಂದ ಕೊನೆಯವರೆಗೆ ಕಥೆ ಹೇಳುತ್ತಾರೆ. ಇನ್ನೊಬ್ಬರು ಎದ್ದು ನಿಂತು ಭಾಷಣ ಮಾಡುತ್ತಾರೆ. ಉಳಿದವರು ಮೊಬೈಲ್ ನೋಡುತ್ತಾರೆ. ಮುಗಿಸಿದವರ ಹತ್ತಿರ ಒಂದು ತೀರ್ಪು ಇರುತ್ತದೆ, ಅದನ್ನು ಹೇಳಿ ಕೂತುಬಿಡುತ್ತಾರೆ. ಅರ್ಧದಲ್ಲಿರುವವರು ಹಾಗಲ್ಲ. ಅವರಿಗೆ ಅನುಮಾನ ಇರುತ್ತದೆ, ಯಾವುದೋ ಪಾತ್ರದ ಮೇಲೆ ಸಿಟ್ಟು ಇರುತ್ತದೆ, ಮುಂದೇನಾಗುತ್ತೋ ಅನ್ನೋ ದಿಗಿಲೂ ಇರುತ್ತದೆ.

ನಮ್ಮ ಗುಂಪಿನ ಇಂಜಿನಿಯರಿಂಗ್ ಓದುವ ಹುಡುಗ ಒಮ್ಮೆ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ತಂದಿದ್ದ. ಅರ್ಧ ದಾಟಿತ್ತು. ನಂಜಮ್ಮ ಅಂದರೆ ಅವನಿಗೆ ಪ್ರಾಣ. ಗಂಡ ಚೆನ್ನಿಗರಾಯ ಶ್ಯಾನುಭೋಗ ಅನ್ನೋದು ಹೆಸರಿಗೆ ಮಾತ್ರ, ಲೆಕ್ಕ ಬರೆಯುವವಳು ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರಿ ನಾಲ್ಕು ಕಾಸು ಕಾಣುವವಳೂ ಅವಳೇ. “ಆಂಟಿ, ಇನ್ನು ಇವರ ಕಷ್ಟ ಮುಗೀತು ಅನ್ಸುತ್ತೆ. ಮಕ್ಕಳು ದೊಡ್ಡವರಾದ್ರು ಅಲ್ವಾ?” ಅಂದ. ಅದನ್ನು ಮೊದಲೇ ಓದಿದವರು ಅಲ್ಲಿ ನಾಲ್ಕೈದು ಜನ ಇದ್ದೆವು. ಯಾರೂ ತುಟಿ ಬಿಚ್ಚಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಡಂ ಒಬ್ಬರು “ಕಾಫಿ ಇಡ್ತೀನಿ” ಅಂತ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು. ಹುಡುಗ ಪ್ಲೇಗಿನ ಪುಟಗಳಿಗೆ ಇನ್ನೂ ಬಂದಿರಲಿಲ್ಲ. (ಓದಿಲ್ಲದವರು ನನ್ನನ್ನು ಬೈದುಕೊಳ್ಳಬೇಡಿ. 1970ರ ಕಾದಂಬರಿ ಇದು, ಗಿರೀಶ್ ಕಾಸರವಳ್ಳಿಯವರು ಧಾರಾವಾಹಿಯನ್ನೂ ಮಾಡಿ ಆಗಿದೆ.) ಆಮೇಲೊಂದು ರಾತ್ರಿ ಗುಂಪಿಗೆ ಅವನ ಮೆಸೇಜ್ ಬಂತು: “ನಿಮಗೆಲ್ಲ ಗೊತ್ತಿತ್ತು ಅಲ್ವಾ?” ಬೇರೇನೂ ಬರೆದಿರಲಿಲ್ಲ. ಅವತ್ತಿಂದ ಮುಂದಿನದನ್ನು ಬಾಯಿಬಿಡಬಾರದು ಅನ್ನೋದು ನಮ್ಮ ಎರಡನೇ ನಿಯಮ.

ಇಂಥ ಗುಂಪು ನಡೆಸುವವರಿಗೆ ನಾನು ಹೇಳುವುದು ಇಷ್ಟೇ. ‘ಕಥೆ ಏನು’ ಅಂತ ಕೇಳಬೇಡಿ. ‘ಯಾವ ಪುಟದಲ್ಲಿದ್ದೀರಿ, ಅಲ್ಲೇನು ನಡೀತಿದೆ’ ಅಂತ ಕೇಳಿ. ಕಥೆ ಹೇಳಿ ಅಂದರೆ ಜನ ಗಂಟಲು ಸರಿಮಾಡಿಕೊಂಡು ಪುಸ್ತಕದ ಭಾಷೆಯಲ್ಲಿ ಮಾತಾಡಲು ಶುರು ಮಾಡುತ್ತಾರೆ. ಪುಟ ಕೇಳಿದರೆ ಪುಸ್ತಕ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಅಲ್ಲಿಂದ ಒಂದರ್ಧ ಪುಟ ಓದಿಸಿಬಿಡಿ. ಚೆನ್ನಾಗಿ ಓದಬೇಕು ಅಂತಿಲ್ಲ, ಗಟ್ಟಿಯಾಗಿ ಓದಿದರೆ ಸಾಕು.

ಗಟ್ಟಿಯಾಗಿ ಓದುವುದರ ಬೆಲೆ ನನಗೆ ಗೊತ್ತಾದದ್ದು ದೇವನೂರ ಮಹಾದೇವರ ‘ಕುಸುಮಬಾಲೆ’ಯಿಂದ. ಸಣ್ಣ ಪುಸ್ತಕ. 1984ರಲ್ಲಿ ಬಂದದ್ದು, ಆಮೇಲೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಿಕ್ಕಿತು. ನಮ್ಮಲ್ಲಿ ಹಲವರು ಅದನ್ನು ಕೊಂಡು, ಹತ್ತು ಪುಟ ಓದಿ, ಕಪಾಟಿನಲ್ಲಿಟ್ಟವರು. ಧಾರವಾಡದಿಂದ ಮದುವೆಯಾಗಿ ಬಂದ ಗೆಳತಿಯಂತೂ “ಇದ್ಯಾವ ಕನ್ನಡ ಮಾರಾಯ್ತಿ, ನಮಗ ತಿಳಿಯಂಗಿಲ್ಲ” ಅಂದಿದ್ದಳು. ಒಂದು ತಿಂಗಳು ನಂಜನಗೂಡು ಕಡೆಯ ಮೇಷ್ಟ್ರೊಬ್ಬರು ಅದನ್ನೇ ಹಿಡಿದುಕೊಂಡು ಬಂದರು. ಜೋತಮ್ಮಗಳು, ಅಂದರೆ ದೀಪಗಳ ಆತ್ಮಗಳು, ರಾತ್ರಿ ಒಂದೆಡೆ ಸೇರಿ ಮಾತಾಡಿಕೊಳ್ಳುವ ಭಾಗದಲ್ಲಿದ್ದರು. ಓದಲು ಶುರು ಮಾಡಿದರು. ಎಲ್ಲೂ ಎಳೆಯಲಿಲ್ಲ, ನಾಟಕ ಮಾಡಲಿಲ್ಲ. ಅವರ ಮನೆಯಲ್ಲಿ ಅಜ್ಜಿ ಮಾತಾಡುತ್ತಿದ್ದ ಹಾಗೆ ಓದಿಕೊಂಡು ಹೋದರು. ಕಣ್ಣಿಗೆ ಗಂಟುಗಂಟಾಗಿ ಕಂಡಿದ್ದ ವಾಕ್ಯಗಳು ಕಿವಿಗೆ ಸಲೀಸಾಗಿ ಬಿದ್ದವು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನೋದು ಗೊತ್ತಿಲ್ಲದೆ ನಾವು ಇಷ್ಟು ದಿನ ಎಡವುತ್ತಿದ್ದದ್ದು. ಇದೇ ಕಾದಂಬರಿಯನ್ನು ವಿದ್ವಾಂಸರಾದ ಎಲ್. ಬಸವರಾಜು ಅವರು ಪದ್ಯದ ಸಾಲುಗಳ ಹಾಗೆ ಒಡೆದು ಕೊಟ್ಟಿದ್ದಾರೆ. ಅವರು ಯಾಕೆ ಹಾಗೆ ಮಾಡಿದರು ಅಂತ ಅವತ್ತು ಮೇಷ್ಟ್ರ ಓದು ಕೇಳಿದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಧಾರವಾಡದ ಗೆಳತಿ ಸುಮ್ನೆ ಬಿಡುತ್ತಾಳಾ? ಮುಂದಿನ ತಿಂಗಳು ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ತಂದಳು. ನವಲಗುಂದದ ಮನೆತನವೊಂದರ ಕಥೆ. ಅವಳು ಓದುತ್ತಾ ಓದುತ್ತಾ ತಾನೇ ನಗಲು ಶುರು ಮಾಡಿ, ನಗು ತಡೆಯಲಾಗದೆ ಪುಸ್ತಕವನ್ನು ಪಕ್ಕದವರ ಕೈಗೆ ಕೊಟ್ಟಳು. ಪಕ್ಕದವರು ಮೇಷ್ಟ್ರು! ನಂಜನಗೂಡಿನ ಬಾಯಲ್ಲಿ ನವಲಗುಂದದ ಕನ್ನಡ ಕೇಳಬೇಕಿತ್ತು ನೀವು.

ದಪ್ಪ ಕಾದಂಬರಿಗಳದು ಬೇರೆಯೇ ಕಥೆ. ಅಲ್ಲಿ ಸುಸ್ತು ಮಾಡುವುದು ಭಾಷೆ ಅಲ್ಲ, ಜನ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಲು ಕೂತವರಲ್ಲಿ ಎಷ್ಟೋ ಜನ ಶುರುವಿನಲ್ಲೇ ಕೈಬಿಡುತ್ತಾರೆ. ಯಾರು ಯಾರ ಮಗ, ಯಾರು ಯಾರ ಜೀತದಾಳು ಅಂತ ತಲೆ ಕೆಡುತ್ತದೆ. ಸಂಬಂಧ ಹಿಡಿದು ವಂಶವೃಕ್ಷ ಬರೆಯಲು ಹೋದರೆ ಕಾಗದ ಸಾಲುವುದಿಲ್ಲ. ನಾನು ಮಾಡಿದ್ದು ಏನೆಂದರೆ, ಜನರನ್ನು ಮನೆಗಳ ಪ್ರಕಾರ ಬರೆದುಕೊಂಡೆ. ಒಂದು ಚೀಟಿ. ಅದರಲ್ಲಿ ಕೋಣೂರು, ಹೂವಳ್ಳಿ, ಬೆಟ್ಟಳ್ಳಿ, ಸಿಂಬಾವಿ ಅಂತ ನಾಲ್ಕು ಗುಂಪು. ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ, ಸಿಂಬಾವಿಯ ಕೆಳಗೆ ಭರಮೈ ಹೆಗ್ಗಡೆ. ಹೊಸ ಹೆಸರು ಬಂದಾಗೆಲ್ಲ ಅದರ ಮನೆಯ ಕೆಳಗೆ ಸೇರಿಸಿದೆ. ಅದೇ ಚೀಟಿ ಪುಟದ ಗುರುತೂ ಆಯಿತು. ನಾಯಿಗುತ್ತಿಯನ್ನು ಮಾತ್ರ ಯಾವ ಮನೆಯ ಕೆಳಗೂ ಬರೆಯಲಿಲ್ಲ. ಅವನು ‘ಹುಲಿಯ’ ಅನ್ನೋ ತನ್ನ ನಾಯಿಯ ಜೊತೆ ಆ ಮನೆಗಳ ನಡುವಿನ ಕಾಡುದಾರಿಯಲ್ಲಿ ಓಡಾಡುತ್ತಲೇ ಇರುತ್ತಾನೆ. ಅವನ ಹೆಜ್ಜೆ ಹಿಡಿದು ಹೋದರೆ ಊರಿನ ನಕ್ಷೆ ತಾನಾಗಿ ತಲೆಯಲ್ಲಿ ಕೂರುತ್ತದೆ.

ಇನ್ನೂ ಕಷ್ಟ ಅನ್ನುವವರಿಗೆ ಒಂದು ಮಾತು. 2010ರಲ್ಲಿ ನಮ್ಮ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದೇ ಕಾದಂಬರಿ ನಾಟಕವಾಯಿತು. ರಾತ್ರಿಯಿಡೀ, ಸುಮಾರು 9 ಗಂಟೆ. ಅದನ್ನು ನೋಡಿದವರೊಬ್ಬರು ನಮ್ಮಲ್ಲಿದ್ದಾರೆ, ವೃತ್ತಿಯಲ್ಲಿ ಟೈಲರ್. ಅವರು ಕಾದಂಬರಿ ಕೈಗೆತ್ತಿಕೊಂಡದ್ದೇ ನಾಟಕ ನೋಡಿದ ಮೇಲೆ. ಅವರಿಗೆ ಚೀಟಿ ಗೀಟಿ ಏನೂ ಬೇಕಾಗಲಿಲ್ಲ.

ಓದುವುದನ್ನೇ ಬಿಟ್ಟು ಎಷ್ಟೋ ಕಾಲ ಆದವರು ಬಂದರೆ ನಾನು ದಪ್ಪ ಪುಸ್ತಕ ಕೊಡುವುದಿಲ್ಲ. ಭೈರಪ್ಪನವರ ‘ಪರ್ವ’ ತುಂಬ ದೊಡ್ಡ ಕೃತಿ, ಒಪ್ಪಿದೆ. ಆದರೆ ಹತ್ತು ವರ್ಷ ಆದಮೇಲೆ ಪುಸ್ತಕ ಹಿಡಿದವರಿಗೆ ಅದನ್ನು ಕೊಡುವುದು ಶಿಕ್ಷೆ. ತೇಜಸ್ವಿಯವರ ‘ಕರ್ವಾಲೊ’ ಕೊಡಿ. ಮಂದಣ್ಣನ ಜೊತೆ ಹಾರುವ ಓತಿ ಹುಡುಕಲು ಕಾಡಿಗೆ ಹೊರಟವರು ನಡುವೆ ವಾಪಸ್ ಬರುವುದಿಲ್ಲ. ಇಲ್ಲವೇ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಪುಟ ಕಡಿಮೆ, ಆದರೆ ನಾದಿರಾ ಬಹಳ ದಿನ ತಲೆಯಿಂದ ಹೋಗುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೂಡ ಹಾಗೇ. ಹಳೇ ಮನೆಯಲ್ಲಿ ಇರುವೆಗಳ ಕಾಟದ ಭಾಗವನ್ನು ನಮ್ಮಲ್ಲೊಬ್ಬರು ಓದಿದಾಗ, ನಾವು ಸೇರಿದ್ದ ಮನೆಯ ಯಜಮಾನಿ ಮೆಲ್ಲಗೆ ಎದ್ದುಹೋಗಿ ಸಕ್ಕರೆ ಡಬ್ಬಿ ನೋಡಿಕೊಂಡು ಬಂದರು.

ಬಿಟ್ಟ ಪುಸ್ತಕಕ್ಕೂ ನಮ್ಮಲ್ಲಿ ಜಾಗ ಇದೆ. ಹಿಡಿಸಲಿಲ್ಲ ಅಂದರೆ ಹಿಡಿಸಲಿಲ್ಲ, ಅದಕ್ಕೇನು ಸಂಕೋಚ? ಎಲ್ಲಿಗೆ ನಿಲ್ಲಿಸಿದಿರಿ ಅಂತಷ್ಟೇ ಕೇಳುತ್ತೇವೆ. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಬ್ಯಾಂಕ್ ಮೇಡಂ ನಡುವೆ ಬಿಟ್ಟರು. “ಈ ನಾಗಪ್ಪ ಯೋಚನೆ ಮಾಡೋದು ಜಾಸ್ತಿ ಆಯ್ತು ಕಣಮ್ಮಾ” ಅಂದರು. ಅದೇ ಪ್ರತಿಯನ್ನು ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ ತೆಗೆದುಕೊಂಡು ಹೋದಳು. ಕಂಪನಿಯವರು ನಾಗಪ್ಪನನ್ನು ಯಾಕೆ ಕೆಲಸದಿಂದ ದೂರ ಇಟ್ಟರು, ಅವನ ಬೆನ್ನ ಹಿಂದೆ ಯಾರು ಏನು ಹೂಡುತ್ತಿದ್ದಾರೆ ಅಂತ ಗೊತ್ತಾಗದೆ ರಾತ್ರಿ ನಿದ್ದೆ ಬಿಟ್ಟು ಓದಿದಳಂತೆ. “ಮೇಡಂ, 1979ರಲ್ಲೇ ನಮ್ಮ ಆಫೀಸಿನ ಕಥೆ ಬರೆದಿಟ್ಟಿದ್ದಾರೆ” ಅಂದಳು. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಒದಗುವುದು ಹೀಗೆ. ಮೇಡಂಗೂ ಈಗ ಅದನ್ನು ಮತ್ತೆ ಎತ್ತಿಕೊಳ್ಳುವ ಮನಸ್ಸಾಗಿದೆ, ಆದರೆ ಪುಸ್ತಕ ಅವಳು ವಾಪಸ್ ಕೊಟ್ಟಿಲ್ಲ.

ಈ ತಿಂಗಳು ಯಾರು ಏನು ಓದುತ್ತಿದ್ದಾರೆ ಅಂದರೆ, ಹುಡುಗ ವಸುಧೇಂದ್ರರ ‘ತೇಜೋ ತುಂಗಭದ್ರಾ’ದಲ್ಲಿದ್ದಾನೆ. ಕಥೆ ಒಮ್ಮೆ ತೇಜೋ ನದಿಯ ದಂಡೆಯ ಲಿಸ್ಬನ್‌ನಲ್ಲಿ, ಒಮ್ಮೆ ವಿಜಯನಗರದ ಸೀಮೆಯಲ್ಲಿ ನಡೆಯುತ್ತದೆ. ಅವನು ಜಾಣ, ತುಂಗಭದ್ರೆಯ ಭಾಗಗಳನ್ನಷ್ಟೇ ಮೊದಲು ಓದಿ, ಲಿಸ್ಬನ್ ಕಡೆಯದನ್ನು ಆಮೇಲೆ ಓದುತ್ತಾನಂತೆ. ನನಗಂತೂ ಇದು ಸರಿ ಕಾಣುವುದಿಲ್ಲ. ಎರಡು ನದಿಯನ್ನೂ ಒಟ್ಟಿಗೆ ನಡೆಸಿಕೊಂಡು ಬಂದಿರುವುದರಲ್ಲೇ ಆ ಕಾದಂಬರಿಯ ರುಚಿ ಇರುವುದು. ಹೇಳಿದೆ, ಕೇಳಲಿಲ್ಲ. ಟೈಲರ್ ಅಣ್ಣ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಹಿಡಿದಿದ್ದಾರೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಓದುತ್ತಾರೆ, ಪುಟದ ಗುರುತಿಗೆ ಅಳತೆ ಟೇಪು.

ನಾನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿದ್ದೇನೆ. ಕಾಲೇಜಿನಲ್ಲಿದ್ದಾಗ ಒಮ್ಮೆ ಓದಿದ್ದೆ. ಆಗ ನನಗೆ ಮೂರನೇ ತಲೆಮಾರಿನ ರಾಮನೇ ಕಾದಂಬರಿಯ ನಾಯಕ ಅನಿಸಿತ್ತು. ಈ ಸಲ ಕಣ್ಣೆಲ್ಲ ಸರಸೋತಿಯ ಮೇಲೆ. ಮೊದಲ ತಲೆಮಾರಿನ ರಾಮ ಐತಾಳರ ವಿಧವೆ ತಂಗಿ. ಹೊಲ ಗದ್ದೆ, ಮನೆ, ಅಣ್ಣನ ಮುಂಗೋಪ ಎಲ್ಲವನ್ನೂ ಹೊತ್ತವಳು. ಅತ್ತಿಗೆ ಪಾರ್ವತಿಗೆ ಮಕ್ಕಳಾಗಲಿಲ್ಲ ಅಂತ ಐತಾಳರು ಇನ್ನೊಂದು ಮದುವೆ ಮಾಡಿಕೊಂಡಾಗ ಈ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಆಗುವ ರೀತಿ ನೋಡಿ. ಜೋರು ಮಾತಿಲ್ಲ, ಅಳು ಕರೆ ಇಲ್ಲ, ಕೆಲಸ ಮಾಡುತ್ತಲೇ ಇರುತ್ತಾರೆ. ಸರಸೋತಿ ಇಲ್ಲದ ಪುಟಗಳನ್ನು ನಾನು ಬೇಗ ಬೇಗ ತಿರುಗಿಸುತ್ತಿದ್ದೇನೆ. ಇದು ಮೇಷ್ಟ್ರಿಗೆ ಹಿಡಿಸಿಲ್ಲ. “ಐತಾಳರನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ, ನಾನು ಬಂದು ವಾದ ಮಾಡ್ತೀನಿ” ಅಂತ ಫೋನಿನಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಮುಂದಿನ ಭಾನುವಾರ ಎಲ್ಲರೂ ನಮ್ಮ ಮನೆಗೇ ಬರುವುದು. ಅಷ್ಟರೊಳಗೆ ಐತಾಳರ ಪುಟಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿಟ್ಟುಕೊಳ್ಳಬೇಕು.