ಹಾಡಿಗಾಗಿ ತೆಲುಗು ಕಲಿತೆ

ಬಳ್ಳಾರಿಯಲ್ಲಿ ತೆಲುಗು ಕಿವಿಗೆ ಬೀಳದ ದಿನವಿಲ್ಲ. ಬಳ್ಳಾರಿ ರಾಘವರು ಕನ್ನಡ, ತೆಲುಗು ಎರಡೂ ರಂಗಭೂಮಿಯಲ್ಲಿ ಮೆರೆದ ಊರು ಇದು. ಆದರೂ ಕರ್ನಾಟಕ ಸಂಗೀತದ ತ್ಯಾಗರಾಜರ ಕೃತಿಗಳನ್ನು, ಅಂದರೆ ಅವರು ರಚಿಸಿದ ಹಾಡುಗಳನ್ನು, ಹಾಡುವುದಕ್ಕಾಗಿ ನಾನು ತೆಲುಗನ್ನು ಬೇರೆಯಾಗಿ ಕೂತು ಕಲಿತೆ. ಸಂತೆಯ ತೆಲುಗು ಕೃತಿಗೆ ಸಾಲುವುದಿಲ್ಲ.

ನಮ್ಮ ಪಾಠದ ಪುಸ್ತಕಗಳಲ್ಲಿ ಸಾಹಿತ್ಯ ಕನ್ನಡ ಲಿಪಿಯಲ್ಲೇ ಇರುತ್ತದೆ. ಓದೋಕೆ ಬರುತ್ತದೆ ಅಲ್ವಾ, ಹಾಡಿದರಾಯ್ತು ಅನಿಸುತ್ತದೆ. ತೊಡಕು ಶುರುವಾಗುವುದೇ ಅಲ್ಲಿ. ಖರಹರಪ್ರಿಯ ರಾಗದ ‘ಚಕ್ಕನಿ ರಾಜಮಾರ್ಗಮು’ ತಗೊಳ್ಳಿ. ಚೆಂದದ ರಾಜಮಾರ್ಗ ಇರುವಾಗ ಸಂದಿಗೊಂದಿಯಲ್ಲಿ ಯಾಕೆ ನುಗ್ಗುತ್ತೀಯೆ ಮನಸೇ ಅಂತ ಪಲ್ಲವಿ. ‘ಸಂದುಲ ದೂರನೇಲ’ ಅಂದಾಗ ಕನ್ನಡದ ಕಿವಿಗೆ ‘ದೂರ’ ಕೇಳಿಸುತ್ತದೆ. ಎಷ್ಟೋ ಜನ ಅಲ್ಲೇ ಉಸಿರು ತಗೊಂಡು ‘ನೇಲ’ವನ್ನು ಬೇರೆ ಮಾಡುತ್ತಾರೆ. ತೆಲುಗಿನಲ್ಲಿ ದೂರು ಅಂದರೆ ನುಗ್ಗು, ಏಲ ಅಂದರೆ ಯಾಕೆ. ಇಡೀ ಸಾಲಿನ ಭಾರ ಆ ‘ಏಲ’ದ ಮೇಲಿದೆ.

ನಾನು ಮೊದಲು ಲಿಪಿ ಕಲಿತೆ. ಕನ್ನಡ ಬಲ್ಲವರಿಗೆ ಅದು ಕಷ್ಟವೇ ಅಲ್ಲ. ಆಮೇಲೆ ಶ್ರುತಿಪೆಟ್ಟಿಗೆ ಬದಿಗಿಟ್ಟು, ತೆಲುಗು ಮನೆಮಾತಿನ ಪಕ್ಕದ ಮನೆ ಅಜ್ಜಿ ಹತ್ತಿರ ಕೂತೆ. “ರಾಗ ಬೇಡ ಅಜ್ಜಿ, ಸುಮ್ನೆ ಮಾತಾಡೋ ಹಾಗೆ ಹೇಳಿ” ಅಂದೆ. ಮೊಮ್ಮಗನನ್ನು ಗದರುವ ಹಾಗೆ ಹೇಳಿದರು. ‘ಏಲ’ ಬಂದಾಗ ದನಿ ಏರಿತು, ಕೈಯೂ ತಿರುಗಿತು. ‘ಚಕ್ಕನಿ’ಯ ಚ ಕೂಡ ನಮ್ಮ ಚ ಅಲ್ಲ. ನಾಲಿಗೆ ಹಲ್ಲಿನ ಹತ್ತಿರ ಹೋಗಿ ‘ತ್ಸ’ ಅಂದ ಹಾಗೆ ಬರುತ್ತದೆ. ಬರವಣಿಗೆಯಲ್ಲಿ ಅದು ಕಾಣುವುದೇ ಇಲ್ಲ, ಬಾಯಿಂದಲೇ ಕಲಿಯಬೇಕು.

ಈಗ ಉಸಿರನ್ನು ‘ಸಂದುಲ’ಕ್ಕೆ ಮೊದಲೇ ತಗೊಳ್ಳುತ್ತೇನೆ. ‘ದೂರನೇಲ’ ಒಂದೇ ಎಳೆಯಲ್ಲಿ ಬರುತ್ತದೆ. ಸಂಗತಿ, ಅಂದರೆ ಅದೇ ಸಾಲನ್ನು ಬೇರೆ ಬೇರೆ ರೀತಿ ಬೆಳೆಸಿ ಹಾಡುವುದು, ಬೆಳೆದಷ್ಟೂ ಪ್ರಶ್ನೆ ಗಟ್ಟಿಯಾಗುತ್ತದೆ.

ಪಶ್ಚಿಮದ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಗಾಯಕರಿಗೆ ಇದು ಓದಿನ ಭಾಗವೇ. ವರ್ದಿಯ ‘ಲಾ ತ್ರಾವಿಯಾತ’ಗೆ ಇಟಾಲಿಯನ್, ಬಿಜೆಯ ‘ಕಾರ್ಮೆನ್’ಗೆ ಫ್ರೆಂಚ್, ಮೊಜಾರ್ಟ್ 1791ರಲ್ಲಿ ಮಾಡಿದ ‘ಮ್ಯಾಜಿಕ್ ಫ್ಲೂಟ್’ಗೆ ಜರ್ಮನ್ ಬೇಕು. ಅಲ್ಲಿನ ಸಂಗೀತ ಕಾಲೇಜುಗಳಲ್ಲಿ ಉಚ್ಚಾರಣೆಗೆಂದೇ ತರಗತಿಗಳಿರುತ್ತವೆ. ನಮ್ಮ ಪಾಠದಲ್ಲೂ ಅದಕ್ಕೆ ಜಾಗ ಬೇಕೇ ಬೇಕು. ಅರ್ಥವನ್ನು ಪುಸ್ತಕದ ಅಂಚಿನಲ್ಲಿ ಗೀಚಿಕೊಂಡರೆ ಸಾಲದು. ಹಾಡುವಾಗ ಯಾರು ಅಂಚು ನೋಡುತ್ತಾರೆ?

ನನ್ನ ಹತ್ತಿರ ಬರುವ ಮಕ್ಕಳಿಗೆ ಹೊಸ ಕೃತಿಯ ಮೊದಲ ಪಾಠದಲ್ಲಿ ಸ್ವರ ಕೊಡುವುದಿಲ್ಲ. ಪದ ಬಿಡಿಸಿ, ಸಾಲನ್ನು ಮಾತಿನಂತೆ ಹೇಳಿಸುತ್ತೇನೆ. ಈಗ ನಾನು ಮುತ್ತುಸ್ವಾಮಿ ದೀಕ್ಷಿತರ ಸಂಸ್ಕೃತ ಕೃತಿಗಳಿಗೆ ಬಂದಿದ್ದೇನೆ. ಅಲ್ಲಿ ಸಮಾಸಗಳು ಉದ್ದ, ಉಸಿರಿನ ಜಾಗ ಹುಡುಕೋದು ಇನ್ನೂ ಜಾಸ್ತಿ ಕಷ್ಟ. ಅದಕ್ಕೇ ಸಂಸ್ಕೃತದ ಮೇಷ್ಟ್ರ ಹತ್ತಿರ ಹೋಗಿ ಪದ ಬಿಡಿಸಿಕೊಂಡು ಬರುತ್ತೇನೆ.